ಅವನ ಅಂದ್ರ ಯಾರದು?

ವಿಜಯಪುರದ ಹತ್ತಿರದ ಹಳ್ಳಿ ಶಾಲೆಯೊಂದರಲ್ಲಿ ಆರನೇ ತರಗತಿಗೆ ಕನ್ನಡ ಕಲಿಸುತ್ತೇನೆ. ಮಕ್ಕಳು ತಡವರಿಸದೆ ಗಟ್ಟಿಯಾಗಿ ಓದಿದರೆ ಪಾಠ ತಿಳಿದಿದೆ ಅಂತಲೇ ಬಹಳ ವರ್ಷ ನಂಬಿದ್ದೆ. ಪ್ರಶ್ನೋತ್ತರವನ್ನೂ ಸರಿಯಾಗೇ ಬರೆಯುತ್ತಿದ್ದರಲ್ಲ.

ಒಂದು ದಿನ ಬೋರ್ಡಿನ ಮೇಲೆ ನಾನೇ ಎರಡು ಸಾಲು ಬರೆದೆ. ‘ಮಹಮ್ಮದ್ ಆದಿಲ್ ಶಾ 1627ರಿಂದ 1656ರವರೆಗೆ ಬಿಜಾಪುರವನ್ನು ಆಳಿದ. ಗೋಲಗುಮ್ಮಟದಲ್ಲಿ ಅವನ ಸಮಾಧಿ ಇದೆ.’ ಕೆಳಗೆ ಪ್ರಶ್ನೆ: ಗೋಲಗುಮ್ಮಟದಲ್ಲಿ ಯಾರ ಸಮಾಧಿ ಇದೆ?

ಅರ್ಧಕ್ಕಿಂತ ಜಾಸ್ತಿ ಮಕ್ಕಳು ದುಂಡನೆ ಅಕ್ಷರದಲ್ಲಿ ಬರೆದಿದ್ದರು: ‘ಗೋಲಗುಮ್ಮಟದಲ್ಲಿ ಅವನ ಸಮಾಧಿ ಇದೆ.’

ತರಗತಿಯಲ್ಲೇ ಚೆನ್ನಾಗಿ ಓದುವ ಹುಡುಗಿಯನ್ನು ಕೇಳಿದೆ, ‘ಅವನ ಅಂದ್ರ ಯಾರದವ್ವಾ?’

‘ಗೊತ್ತಿಲ್ರಿ ಸರ್. ಅಲ್ಲಿ ಹಂಗ ಐತ್ರಿ.’

ಅವಳ ತಪ್ಪೇನೂ ಇಲ್ಲ. ಪ್ರಶ್ನೆಯಲ್ಲಿರುವ ಪದವನ್ನು ಪಾಠದಲ್ಲಿ ಹುಡುಕು, ಆ ಸಾಲು ಎತ್ತಿ ಬರಿ ಅಂತ ನಾವೇ ಕಲಿಸಿದ್ದು. ಅಷ್ಟಕ್ಕೆ ಅರ್ಥ ಬೇಕಾಗುವುದೇ ಇಲ್ಲ. ನನಗೆ ಆ ರಾತ್ರಿ ನಿದ್ದೆ ಸರಿಯಾಗಿ ಹತ್ತಲಿಲ್ಲ.

ಮರುದಿನ ಪೆನ್ಸಿಲ್ ಹಿಡಿಸಿದೆ. ‘ಅವನು’, ‘ಅದು’, ‘ಅಲ್ಲಿ’, ‘ಆಗ’ ಸಿಕ್ಕಲ್ಲೆಲ್ಲ ಒಂದು ಸುತ್ತು ಹಾಕಬೇಕು. ಯಾರು, ಯಾವುದು ಅಂತ ಹುಡುಕಿ ಅಲ್ಲಿಯವರೆಗೆ ಗೆರೆ ಎಳೆಯಬೇಕು. ಕನ್ನಡದಲ್ಲಿ ಇನ್ನೊಂದು ತೊಡಕಿದೆ. ‘ಬಂದ, ಕೂತ, ನೀರು ಕುಡಿದ’ ಅಂತ ಹೆಸರೇ ಇಲ್ಲದೆ ಬರೆದುಬಿಡುತ್ತೇವೆ, ಸುತ್ತು ಹಾಕಲು ಪದವೇ ಇರುವುದಿಲ್ಲ. ಆಗ ಬಂದ, ಬಂದಳು, ಬಂದರು ಅನ್ನುವ ಬಾಲ ನೋಡಿ ಆಳನ್ನು ಹಿಡಿಯಬೇಕು. ದೊಡ್ಡವರಿಗೆ ಇದು ತಾನಾಗೇ ಆಗುತ್ತದೆ, ಮಕ್ಕಳಿಗೆ ಕಲಿಸಬೇಕು.

ಆಮೇಲೆ ಗೋಲಗುಮ್ಮಟದ ಪಿಸುಮಾತಿನ ಗ್ಯಾಲರಿ ಬಗ್ಗೆ ಒಂದು ಸಾಲು ಓದಿಸಿದೆ: ‘ಇಲ್ಲಿ ಪಿಸುಗುಟ್ಟಿದ್ದು ಎದುರು ಬದಿಗೆ ಕೇಳಿಸುತ್ತದೆ.’ ಎಲ್ಲರೂ ಓದಿದರು, ಯಾರ ಮುಖದಲ್ಲೂ ಏನೂ ಇಲ್ಲ. ಗುಮ್ಮಟದ ಒಳಗಿನ ಅಗಲ ಸುಮಾರು 38 ಮೀಟರ್. ಮೈದಾನಕ್ಕೆ ಹೋಗಿ ಟೇಪು ಹಿಡಿದು ಅಷ್ಟನ್ನು ಅಳೆದೆವು. ಒಬ್ಬ ಈ ತುದಿಯಲ್ಲಿ ಪಿಸುಗುಟ್ಟಿದ, ಆ ತುದಿಯವರು ಕಿವಿಗೆ ಕೈ ಹಚ್ಚಿ ನಿಂತರು. ಏನೂ ಕೇಳಲಿಲ್ಲ. ಓದಲು ಬಹಳ ಕಷ್ಟಪಡುವ ಒಬ್ಬ ಹುಡುಗ ಒಮ್ಮೆಲೇ ಕೂಗಿದ, ‘ಸರ್, ಇಷ್ಟ್ ದೂರ ಕೇಳಸ್ತದೇನ್ರಿ ಅಲ್ಲಿ? ಹೆಂಗ್ರಿ?’ ಗೋಡೆ ದುಂಡಗಿರುವುದರಿಂದ ದನಿ ಚದುರಿಹೋಗದೆ ಗೋಡೆಗುಂಟ ಸಾಗುತ್ತದೆ ಅಂತ ಹೇಳಿದೆ. ಒಳಗೆ ಬಂದು ಅವನೇ ಆ ಸಾಲನ್ನು ಇನ್ನೊಮ್ಮೆ ಓದಿದ, ಯಾರೂ ಹೇಳದೆ.

ಈಗ ಒಂದು ಪ್ಯಾರಾ ಮುಗಿದ ಮೇಲೆ ಪುಸ್ತಕ ಮುಚ್ಚಿಸಿ, ‘ಮನ್ಯಾಗ ಅವ್ವಗ ಹೆಂಗ್ ಹೇಳ್ತಿ?’ ಅಂತ ಕೇಳುತ್ತೇನೆ. ಮನೆ ಮಾತಿನಲ್ಲೇ ಹೇಳಲಿ, ತಿದ್ದುವುದಿಲ್ಲ. ಪಾಠ ನಿಧಾನ ಸಾಗುತ್ತದೆ, ನಿಜ. ವಾರಕ್ಕೆ ಮುಗಿಯುತ್ತಿದ್ದದ್ದಕ್ಕೆ ಹತ್ತು ದಿನ ಹಿಡಿಯುತ್ತದೆ. ಹಿಡಿಯಲಿ.

ಮೊನ್ನೆ ಗಣಿತದ ನೋಟ್‌ಬುಕ್ ನೋಡುತ್ತಿದ್ದೆ. ‘ರಾಜುವಿನ ಹತ್ತಿರ 40 ರೂಪಾಯಿ ಇದೆ. ಅದರ ಅರ್ಧ ತಂಗಿಗೆ ಕೊಟ್ಟ’ ಅನ್ನುವ ಲೆಕ್ಕ. ಅವತ್ತಿನ ಅದೇ ಹುಡುಗಿ ‘ಅದರ’ಕ್ಕೆ ಸುತ್ತು ಹಾಕಿ, 40ರವರೆಗೆ ಗೆರೆ ಎಳೆದಿದ್ದಳು.