ಸ್ಕೂಬಾ ಸಾಮಾನು ಯಾವುದು ಕೊಳ್ಳಲಿ ಅಂತ ಕೇಳುವವರಿಗೆ

"ಅಕ್ಕಾ, ಸ್ಕೂಬಾ ಸೆಟ್ ತಗೊಳ್ಬೇಕು ಅಂತಿದ್ದೇನೆ. ಯಾವ ಕಂಪನಿಯದ್ದು ಒಳ್ಳೇದು?"

ಮಳೆ ಹಿಂದೆ ಸರಿದು ಅಕ್ಟೋಬರ್ ಹತ್ತಿರ ಬಂತೆಂದರೆ ಈ ಪ್ರಶ್ನೆ ಶುರುವಾಗುತ್ತದೆ. ಕುಂಬಳೆ ಪೇಟೆಯಲ್ಲಿ ಸಿಕ್ಕವರು ಕೇಳುತ್ತಾರೆ. ಮದುವೆ ಊಟಕ್ಕೆ ಪಕ್ಕದಲ್ಲಿ ಕೂತವರು ಕೇಳುತ್ತಾರೆ. ನಾನು ಪಾಠ ಮಾಡಿದ ಹುಡುಗರು ಈಗ ಗಲ್ಫ್‌ನಲ್ಲಿದ್ದಾರೆ. ಅವರೂ ಫೋನ್ ಮಾಡಿ, "ಟೀಚರೇ, ಊರಿಗೆ ಬರುವಾಗ ದುಬೈಯಿಂದ ಪೂರ್ತಿ ಸೆಟ್ ತರಲಾ?" ಅಂತ ಕೇಳುತ್ತಾರೆ. ಸ್ಕೂಬಾ ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನೊಳಗೆ ಇಳಿಯುವುದು. ಒಬ್ಬೊಬ್ಬರಿಗೆ ಅವಸರದಲ್ಲಿ ಹೇಳುವ ಬದಲು ಇಲ್ಲಿ ಒಮ್ಮೆ ವಿವರವಾಗಿ ಬರೆಯುತ್ತೇನೆ.

ನನ್ನ ಉತ್ತರ ಇಷ್ಟು. ಈಗ ಕಣ್ಣು, ಮೂಗು ಮುಚ್ಚುವ ಗಾಜಿನ ಮಾಸ್ಕ್ ಒಂದನ್ನೇ ಕೊಳ್ಳಿ. ಉಳಿದದ್ದೆಲ್ಲ ಬಾಡಿಗೆಗೆ ಸಿಗುತ್ತದೆ. ಅದನ್ನು ಕೈಯಲ್ಲಿ ಹಿಡಿದು ಪರೀಕ್ಷೆ ಮಾಡಲು ಕಲಿಯಿರಿ. ಮುಂದೆ ಕೊಳ್ಳುವ ದಿನ ಬಂದಾಗ ಕಂಪನಿಯ ಹೆಸರು ಆಮೇಲೆ. ಇದನ್ನು ಬಿಚ್ಚಿ ಸರ್ವಿಸ್ ಮಾಡುವವರು ಎಷ್ಟು ದೂರದಲ್ಲಿದ್ದಾರೆ ಅಂತ ಮೊದಲು ಕೇಳಿ.

ಕಾಸರಗೋಡಿನ ನಮಗೆ ಈ ಕೊನೆಯ ಮಾತು ತುಂಬ ಮುಖ್ಯ. ಕಡಲು ಮನೆಯ ಹತ್ತಿರವೇ ಇದೆ, ಆದರೆ ನಾವು ಡೈವ್ ಮಾಡುವುದು ಇಲ್ಲಲ್ಲ. ಕೇರಳದ 44 ನದಿಗಳಲ್ಲಿ 12 ನಮ್ಮ ಒಂದೇ ಜಿಲ್ಲೆಯಲ್ಲಿವೆ. ಚಂದ್ರಗಿರಿ, ಶಿರಿಯ, ಮೊಗ್ರಾಲ್ ಹೊಳೆಗಳು ತರುವ ಮಣ್ಣಿನಿಂದ ದಡದ ಹತ್ತಿರ ನೀರು ಕಲಕಿರುತ್ತದೆ. ಹಾಗಾಗಿ ರೈಲು ಹತ್ತಿ ಮುರುಡೇಶ್ವರಕ್ಕೆ ಹೋಗುತ್ತೇವೆ. ಅಲ್ಲಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪಕ್ಕೆ ದೋಣಿ. ಕೆಲವರು ಮಹಾರಾಷ್ಟ್ರದ ಮಾಲ್ವಣದ ಕಡೆ ಹೋಗುತ್ತಾರೆ, ರಜೆ ಜಾಸ್ತಿ ಸಿಕ್ಕವರು ಅಂಡಮಾನಿಗೆ. ವರ್ಷಕ್ಕೆ ಆರೇಳು ಡೈವ್ ಆದರೆ ದೊಡ್ಡದು. ಉಳಿದ ದಿನವೆಲ್ಲ ಸಾಮಾನು ಮನೆಯಲ್ಲೇ ಬಿದ್ದಿರುತ್ತದೆ. ನಮ್ಮ ಮಳೆಗಾಲ ಗೊತ್ತಲ್ಲ, ಕಪಾಟಿನೊಳಗಿನ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ. ಬಳಸದಿದ್ದರೂ ರಬ್ಬರ್ ಹಳತಾಗುತ್ತದೆ.

ಹಾಗಾದರೆ ಮಾಸ್ಕ್ ಮಾತ್ರ ಯಾಕೆ? ಒಬ್ಬರ ಮುಖ ಇನ್ನೊಬ್ಬರ ಹಾಗಿರುವುದಿಲ್ಲ. ಸಿಲಿಂಡರ್ ಯಾರ ಬೆನ್ನಿಗಾದರೂ ನಡೆಯುತ್ತದೆ, ಮಾಸ್ಕ್ ನಡೆಯುವುದಿಲ್ಲ. ಹೊಸಬರು ನೀರಿನಲ್ಲಿ ಹೆದರಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಹೆಚ್ಚಿನ ಸಲ ಹೆದರಿಕೆ ಶುರುವಾದದ್ದು ಮಾಸ್ಕಿನೊಳಗೆ ನೀರು ಬಂದಾಗ. ಕಣ್ಣು ಉರಿಯುತ್ತದೆ, ಮೂಗಿಗೆ ಉಪ್ಪು ನೀರು ಹೋಗುತ್ತದೆ, ಅಲ್ಲಿಗೆ ಮೀನೂ ಇಲ್ಲ ಹವಳವೂ ಇಲ್ಲ.

ಅಂಗಡಿಯಲ್ಲಿ ಹೀಗೆ ನೋಡಿ. ಹಿಂದಿನ ಪಟ್ಟಿಯನ್ನು ಗಾಜಿನ ಮುಂದಕ್ಕೆ ಮಡಚಿ. ಕೂದಲು ಪೂರ್ತಿ ಹಿಂದೆ ಸರಿಸಿ. ಮಾಸ್ಕನ್ನು ಮುಖಕ್ಕೆ ಹಗುರವಾಗಿ ಇಟ್ಟು, ಮೂಗಿನಿಂದ ಸ್ವಲ್ಪವೇ ಉಸಿರು ಎಳೆದು ಹಿಡಿಯಿರಿ. ಕೈ ಬಿಟ್ಟರೂ ಅದು ಮುಖಕ್ಕೆ ಅಂಟಿಕೊಂಡೇ ಇರಬೇಕು. ಜೋರಾಗಿ ಒತ್ತಿದರೆ ಯಾವ ಮಾಸ್ಕ್ ಆದರೂ ಅಂಟುತ್ತದೆ, ಹಾಗೆ ಒತ್ತಬೇಡಿ. ಆಮೇಲೆ ಉಸಿರಾಡುವ ಕೊಳವೆಯ, ಅಂದರೆ ಸ್ನಾರ್ಕೆಲಿನ ತುದಿ ಬಾಯಲ್ಲಿ ಕಚ್ಚಿಕೊಂಡು ಇನ್ನೊಮ್ಮೆ ಮಾಡಿ. ಇದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಬಾಯಲ್ಲಿ ಏನಾದರೂ ಕಚ್ಚಿದರೆ ಕೆನ್ನೆಯ ಆಕಾರವೇ ಬೇರೆಯಾಗುತ್ತದೆ, ಆಗ ಗಾಳಿ ಸೋರಬಹುದು. ಹಣೆಗೆ, ಮೂಗಿನ ಮೇಲ್ಭಾಗಕ್ಕೆ ಗಟ್ಟಿ ಚೌಕಟ್ಟು ತಾಗಬಾರದು. ಅರ್ಧ ಗಂಟೆಯಲ್ಲಿ ಅಲ್ಲಿ ನೋವು ಶುರುವಾಗುತ್ತದೆ. ಮೂಗನ್ನು ಹೊರಗಿನಿಂದ ಎರಡು ಬೆರಳಲ್ಲಿ ಹಿಂಡಲು ಆಗಬೇಕು. ಕಿವಿಯ ಒತ್ತಡ ಸರಿ ಮಾಡಲು ಅದು ಬೇಕೇ ಬೇಕು. ಈಜುಕೊಳದ ಕನ್ನಡಕ ಹಾಕಿ ಸ್ಕೂಬಾ ಮಾಡಲಾಗದ ಕಾರಣವೂ ಇದೇ. ಮೂಗು ಹೊರಗಿದ್ದರೆ ಒಳಗಿನ ಒತ್ತಡ ಸರಿಮಾಡಲು ದಾರಿಯಿಲ್ಲ, ಕನ್ನಡಕ ಕಣ್ಣನ್ನೇ ಹೀರುತ್ತದೆ.

ಗಾಜಿನ ಮೇಲೆ ಟೆಂಪರ್ಡ್, ಅಂದರೆ ಹದ ಮಾಡಿ ಗಟ್ಟಿಗೊಳಿಸಿದ್ದು, ಎಂದು ಅಚ್ಚಾಗಿರಬೇಕು. ಅಂಚು ಸಿಲಿಕೋನ್‌ನದ್ದೇ ಆಗಿರಲಿ. ಮುಟ್ಟಿದರೆ ಮೆತ್ತಗಿರಬೇಕು. ಪ್ಲಾಸ್ಟಿಕ್ ಕಿಟಕಿಯ ಅಗ್ಗದ ಮಾಸ್ಕ್ ಬೇಡ. ಕನ್ನಡಕ ಹಾಕುವವರಿಗೆ ಪವರ್ ಇರುವ ಗಾಜು ಹಾಕಿಸಿಕೊಳ್ಳಬಹುದಾದ ಮಾಸ್ಕ್‌ಗಳಿವೆ. ನನ್ನದು ಅಂಥದ್ದೇ. ಮೊದಲ ಸಲ ಅದನ್ನು ಹಾಕಿ ಇಳಿದ ದಿನ ನನಗೆ ಇನ್ನೂ ನೆನಪಿದೆ. ಅಲ್ಲಿಯವರೆಗೆ ಬಣ್ಣದ ಮಸುಕಾಗಿ ಕಂಡದ್ದು ಮೀನಿನ ರೆಕ್ಕೆಯಾಗಿ ಕಂಡಿತು. ಹೊಸ ಮಾಸ್ಕಿನ ಗಾಜಿನ ಒಳಗೆ ಕಾರ್ಖಾನೆಯ ತೆಳುವಾದ ಜಿಡ್ಡು ಇರುತ್ತದೆ. ಅದು ಹೋಗದಿದ್ದರೆ ಪ್ರತಿ ಡೈವಿನಲ್ಲೂ ಮಂಜು ಕಟ್ಟುತ್ತದೆ. ಬಿಳಿ ಟೂತ್‌ಪೇಸ್ಟ್ ಹಚ್ಚಿ ಬೆರಳಲ್ಲಿ ತಿಕ್ಕಿ ತೊಳೆಯಿರಿ, ನಾಲ್ಕೈದು ಸಲ. ಒಳಗೆ ಕೋಟಿಂಗ್ ಇರುವ ಗಾಜಾದರೆ ಮಾತ್ರ ತಿಕ್ಕಬೇಡಿ.

ಈಗ ರೆಗ್ಯುಲೇಟರ್, ಅಂದರೆ ಸಿಲಿಂಡರಿನ ಗಾಳಿಯನ್ನು ಬಾಯಿಗೆ ತಲುಪಿಸುವ ಸಾಧನ. ನಿಮ್ಮ ಉಸಿರು ಇರುವುದು ಇದರಲ್ಲಿ. ಹಾಗಾಗಿ ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ತುಂಬಿದ ಸಿಲಿಂಡರಿನಲ್ಲಿ ಸುಮಾರು 200 ಬಾರ್ ಒತ್ತಡ ಇರುತ್ತದೆ. ಕಾರಿನ ಟಯರಿನಲ್ಲಿ ಇರುವುದು 2 ಬಾರ್‌ಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಆ ಗಾಳಿಯನ್ನು ನೇರ ಬಾಯಿಗೆ ತೆಗೆದುಕೊಳ್ಳಲಾಗದು. ಸಿಲಿಂಡರಿಗೆ ಸಿಕ್ಕಿಸುವ ಲೋಹದ ಭಾಗ, ಅಂದರೆ ಫಸ್ಟ್ ಸ್ಟೇಜ್, ಅದನ್ನು ಸುತ್ತಲಿನ ನೀರಿನ ಒತ್ತಡಕ್ಕಿಂತ ಸುಮಾರು 9-10 ಬಾರ್ ಮಾತ್ರ ಹೆಚ್ಚಿರುವ ಮಟ್ಟಕ್ಕೆ ಇಳಿಸುತ್ತದೆ. ಬಾಯಿಯ ಹತ್ತಿರದ ಸೆಕೆಂಡ್ ಸ್ಟೇಜ್ ಮತ್ತೆ ಇಳಿಸಿ, ನೀವಿರುವ ಆಳದ ಒತ್ತಡಕ್ಕೆ ಸರಿಯಾಗಿ ಕೊಡುತ್ತದೆ. ಪ್ರತಿ 10 ಮೀಟರಿಗೆ ನೀರಿನ ಒತ್ತಡ 1 ಬಾರ್ ಹೆಚ್ಚುತ್ತದೆ, ಉಸಿರೂ ಅದಕ್ಕೆ ತಕ್ಕಂತೆ ಸಿಗಬೇಕು. ಜಾಕ್ ಕೂಸ್ತೋ ಮತ್ತು ಎಮಿಲ್ ಗಾನ್ಯಾನ್ 1943ರಲ್ಲಿ ಸಾಧಿಸಿದ್ದು ಇದನ್ನೇ. ಬೇಕೆನಿಸಿದಾಗ ಬೇಕಾದಷ್ಟೇ ಗಾಳಿ ಕೊಡುವ ಕವಾಟ ಅದು.

ನಾನು ಕೊಂಡ ಮೊದಲ ರೆಗ್ಯುಲೇಟರ್ ಸೆಕೆಂಡ್ ಹ್ಯಾಂಡ್. ನೋಡಲು ಮಿರಮಿರ ಮಿಂಚುತ್ತಿತ್ತು. ಎರಡೇ ವರ್ಷ ಹಳೆಯದು ಅಂದಿದ್ದರು ಮಾರಿದವರು. ನೇತ್ರಾಣಿಯಲ್ಲಿ 12 ಮೀಟರ್ ಆಳದಲ್ಲಿ ಉಸಿರಿನ ಜೊತೆ ಉಪ್ಪು ನೀರಿನ ಹನಿ ಬರತೊಡಗಿತು. ಮೊದಲು ಸ್ವಲ್ಪ, ಆಮೇಲೆ ಪ್ರತಿ ಉಸಿರಿಗೂ. ಕೆಮ್ಮು ಬಂತು. ನೀರಿನ ಕೆಳಗೆ ಕೆಮ್ಮು ಬಂದಾಗ ಎದೆ ಎಷ್ಟು ಬಿಗಿಯುತ್ತದೆ ಅಂತ ಮಾತಲ್ಲಿ ಹೇಳುವುದು ಕಷ್ಟ. ಇನ್‌ಸ್ಟ್ರಕ್ಟರ್ ಪಕ್ಕದಲ್ಲೇ ಇದ್ದರು. ತಮ್ಮ ಹಳದಿ ಬಣ್ಣದ ಎರಡನೇ ಬಾಯಿ, ಆಕ್ಟೋಪಸ್ ಅನ್ನುತ್ತೇವೆ, ಅದನ್ನು ನನ್ನ ಕೈಗೆ ಕೊಟ್ಟರು. ಇಬ್ಬರೂ ನಿಧಾನವಾಗಿ ಮೇಲೆ ಬಂದೆವು. ಆಮೇಲೆ ನೋಡಿದರೆ ಕಚ್ಚುವ ರಬ್ಬರಿನಲ್ಲಿ, ಪ್ಲಾಸ್ಟಿಕ್ ಕಟ್ಟು ಹಾಕಿದ ಜಾಗದಲ್ಲೇ ಸಣ್ಣ ಸೀಳು. ಅದು ಚಿಕ್ಕ ವಿಷಯ, ಕಡಿಮೆ ಬೆಲೆಯ ರಬ್ಬರ್. ಆದರೆ ಸರ್ವಿಸ್ ಮಾಡುವವರು ಇನ್ನೊಂದು ತೋರಿಸಿದರು. ಫಸ್ಟ್ ಸ್ಟೇಜ್ ಸಿಲಿಂಡರಿಗೆ ಕೂರುವ ಬಾಯಲ್ಲಿ ಗುಂಡಿಯಷ್ಟು ದೊಡ್ಡ ಫಿಲ್ಟರ್ ಇರುತ್ತದೆ. ನನ್ನದು ಹಸಿರಾಗಿತ್ತು.

ಆ ಫಿಲ್ಟರನ್ನು ನೋಡಲು ಎಲ್ಲರೂ ಕಲಿಯಲೇಬೇಕು. ಹಸಿರು ಅಂದರೆ ಉಪ್ಪು ನೀರು ಒಳಗೆ ಹೋಗಿದೆ, ಲೋಹ ಕಿಲುಬು ಹಿಡಿದಿದೆ. ಕೆಂಪು-ಕಂದು ಅಂದರೆ ಸ್ಟೀಲ್ ಸಿಲಿಂಡರಿನ ತುಕ್ಕು. ಕಪ್ಪು ಅಂದರೆ ಗಾಳಿ ತುಂಬಿಸುವ ಕಂಪ್ರೆಸರಿನ ಕಡೆಯಿಂದ ಮಸಿ. ಹೊಸ ಫಿಲ್ಟರ್ ಲೋಹದ ಬಣ್ಣದಲ್ಲಿ ಸ್ವಚ್ಛವಾಗಿರುತ್ತದೆ. ಬಾಡಿಗೆಯ ರೆಗ್ಯುಲೇಟರ್ ಕೊಟ್ಟಾಗ ಕ್ಯಾಪ್ ತೆಗೆದು ಒಮ್ಮೆ ನೋಡಲು ಅರ್ಧ ನಿಮಿಷ ಸಾಕು. ನಾಚಿಕೆ ಬೇಡ. ನಮ್ಮ ಮೊಗವೀರರು ಕಡಲಿಗೆ ಇಳಿಯುವ ಮೊದಲು ಬಲೆಯ ಕಣ್ಣನ್ನು ಬೆರಳಾಡಿಸಿ ನೋಡುವುದಿಲ್ಲವಾ, ಹಾಗೆಯೇ ಇದೂ.

ಆಮೇಲೆ ಗಾಳಿ ಸಾಗುವ ಕೊಳವೆಗಳನ್ನು, ಅಂದರೆ ಹೋಸ್‌ಗಳನ್ನು ಬಗ್ಗಿಸಿ ನೋಡಿ. ಲೋಹ ಸೇರುವ ತುದಿಯಲ್ಲಿ ಬಿರುಕು ಕಂಡರೆ ಬೇರೆ ಕೇಳಿ. ಸಿಲಿಂಡರ್ ತೆರೆಯುವ ಮೊದಲು ಬಾಯಿಗಿಟ್ಟು ಮೆಲ್ಲಗೆ ಎಳೆಯಿರಿ. ಗಾಳಿ ಬರಬಾರದು. ಬಂದರೆ ಎಲ್ಲೋ ತೂತಿದೆ, ನೀರೂ ಅದೇ ದಾರಿಯಲ್ಲಿ ಬರುತ್ತದೆ. ನನ್ನ ಆ ದಿನದ ಸೀಳು ಈ ಪರೀಕ್ಷೆಯಲ್ಲಿ ದಡದಲ್ಲೇ ಸಿಕ್ಕುತ್ತಿತ್ತು. ಸಿಲಿಂಡರ್ ತೆರೆದ ಮೇಲೆ ಪ್ರೆಶರ್ ಗೇಜಿನ ಮೇಲೆ ಕಣ್ಣಿಟ್ಟು ನಾಲ್ಕು ದೊಡ್ಡ ಉಸಿರು ತೆಗೆದುಕೊಳ್ಳಿ. ಪ್ರತಿ ಉಸಿರಿಗೂ ಮುಳ್ಳು ಕೆಳಗೆ ಹಾರಿ ವಾಪಸ್ ಬಂದರೆ ವಾಲ್ವ್ ಪೂರ್ತಿ ತೆರೆದಿಲ್ಲ. ಮೇಲೆ ಸರಿಯಾಗಿಯೇ ಉಸಿರು ಸಿಗುತ್ತದೆ, ಆಳದಲ್ಲಿ ಸಿಗುವುದಿಲ್ಲ.

ದುಬೈಯಿಂದ ತರಲಾ ಅಂತ ಕೇಳುವ ಹುಡುಗರಿಗೆ ಹೇಳುವುದು ಇಲ್ಲೇ. ಸ್ಕೂಬಾಪ್ರೋ, ಮಾರೆಸ್, ಕ್ರೆಸ್ಸಿ, ಆಕ್ವಾಲಂಗ್, ಯಾವುದಾದರೂ ಉಸಿರು ಚೆನ್ನಾಗಿಯೇ ಕೊಡುತ್ತದೆ. ಆದರೆ ಹೆಚ್ಚಿನ ಕಂಪನಿಗಳು ವರ್ಷಕ್ಕೊಮ್ಮೆ ಅಥವಾ 100 ಡೈವಿಗೊಮ್ಮೆ ಸರ್ವಿಸ್ ಮಾಡಿಸಿ ಅನ್ನುತ್ತವೆ, ಕೆಲವು 2 ವರ್ಷಕ್ಕೊಮ್ಮೆ. ಒಳಗಿನ ಓ-ರಿಂಗ್ ಎಂಬ ರಬ್ಬರ್ ಬಳೆ, ಕವಾಟ ಕೂರುವ ಸೀಟ್ ಎಲ್ಲ ಬದಲಿಸಬೇಕು, ಅದೇ ಕಂಪನಿಯ ತರಬೇತಿ ಇದ್ದವರೇ ಮಾಡಬೇಕು. ನಮ್ಮ ಪೇಟೆಯ ಮೆಕ್ಯಾನಿಕ್ ಎಷ್ಟೇ ಜಾಣರಾದರೂ ಅವರ ಕೈಗೆ ಕೊಡುವ ಹಾಗಿಲ್ಲ. ನೀವು ಡೈವ್ ಮಾಡುವ ಜಾಗದ ಸೆಂಟರಿಗೆ ಫೋನ್ ಮಾಡಿ, ಯಾವ ಕಂಪನಿಯದ್ದನ್ನು ಇಲ್ಲಿ ಸರ್ವಿಸ್ ಮಾಡುತ್ತೀರಿ ಅಂತ ಕೇಳಿ. ಅದೇ ನಿಮ್ಮ ಕಂಪನಿ. ಇನ್ನೊಂದು, ಸಿಲಿಂಡರಿಗೆ ಸೇರುವ ಬಾಯಿ ಎರಡು ಥರ ಇದೆ, ಯೋಕ್ ಮತ್ತು ಡಿನ್. ಡಿನ್ ತಿರುಪಿನಂತೆ ಕೂರುತ್ತದೆ, ಹೆಚ್ಚು ಗಟ್ಟಿ. ಆದರೆ ನಾನು ಹೋದ ಕಡೆಯೆಲ್ಲ ಸಿಲಿಂಡರ್ ಯೋಕ್‌ನದ್ದೇ. ಡಿನ್ ಕೊಂಡರೆ ಅಡಾಪ್ಟರ್ ಕೂಡ ತನ್ನಿ.

ಬಿಸಿಡಿ, ಅಂದರೆ ಗಾಳಿ ತುಂಬುವ ಜಾಕೆಟ್, ಬಾಡಿಗೆಗೆ ಸಾಕು. ಪರೀಕ್ಷೆ ಸುಲಭ. ಪೂರ್ತಿ ಗಾಳಿ ತುಂಬಿಸಿ ಹಾಗೇ ಇಡಿ. ನೀವು ಮೈಗೆ ಅಂಟುವ ಡೈವಿಂಗ್ ಉಡುಪು, ಅಂದರೆ ವೆಟ್‌ಸೂಟ್ ಹಾಕಿ ಬರುವಷ್ಟರಲ್ಲಿ ಮೆತ್ತಗಾದರೆ ಬೇಡ. ಗಾಳಿ ತುಂಬುವ ಗುಂಡಿಯನ್ನು ಹತ್ತು ಸಲ ಒತ್ತಿ ಬಿಡಿ. ಉಪ್ಪು ಕಟ್ಟಿ ಗುಂಡಿ ಸಿಕ್ಕಿಕೊಂಡರೆ ಜಾಕೆಟ್ ತಾನಾಗಿ ಉಬ್ಬಿ ನಿಮ್ಮನ್ನು ಮೇಲಕ್ಕೆ ಎಳೆಯುತ್ತದೆ. 10 ಮೀಟರಿನಿಂದ ಮೇಲೆ ಬರುವಷ್ಟರಲ್ಲಿ ಗಾಳಿಯ ಗಾತ್ರ ಎರಡು ಪಟ್ಟಾಗುತ್ತದೆ. ಉಸಿರು ಕಟ್ಟಿ ಹಿಡಿದಿದ್ದರೆ ಶ್ವಾಸಕೋಶದಲ್ಲೂ ಅದೇ ಆಗುತ್ತದೆ. ಹೆಣ್ಣುಮಕ್ಕಳು ದೊಡ್ಡ ಸೈಜಿಗೆ ಹೊಂದಿಕೊಳ್ಳಬೇಡಿ, ನಿಮ್ಮ ಸೈಜ್ ಸಿಗುವವರೆಗೆ ಕೇಳಿ. ಸಡಿಲ ಜಾಕೆಟ್ ನೀರಿನ ಮೇಲೆ ಕಿವಿಯವರೆಗೆ ಏರುತ್ತದೆ, ನೀವು ಒಳಗೆ ಜಾರುತ್ತೀರಿ.

ಸಿಲಿಂಡರ್ ಕೊಳ್ಳುವ ಯೋಚನೆಯೇ ಬೇಡ. ಅದರ ಹೆಗಲಲ್ಲಿ ಹೈಡ್ರೋ ಟೆಸ್ಟಿನ, ಅಂದರೆ ನೀರು ತುಂಬಿ ಒತ್ತಡ ತಾಳುತ್ತದೆಯೇ ಎಂದು ನೋಡುವ ಪರೀಕ್ಷೆಯ, ತಾರೀಕು ಕೆತ್ತಿರುತ್ತದೆ, 5 ವರ್ಷ ದಾಟಿಲ್ಲವೆಂದು ನೋಡಿಕೊಳ್ಳಿ. ಈಜಲು ಕಾಲಿಗೆ ಹಾಕುವ ಫಿನ್ಸ್ ಹಿಮ್ಮಡಿ ತಿಕ್ಕದಿದ್ದರೆ ಯಾವುದೂ ಆದೀತು. ನಮ್ಮ ಕಡೆಯ ಬೆಚ್ಚಗಿನ ಕಡಲ ನೀರಿಗೆ 3 ಮಿ.ಮೀ. ವೆಟ್‌ಸೂಟ್ ಧಾರಾಳ.

ಮಾಸ್ಕ್ ಆದ ಮೇಲೆ, ಮೊದಲ ಹಂತದ ಓಪನ್ ವಾಟರ್ ಕೋರ್ಸ್ ಮುಗಿಸಿ 18 ಮೀಟರಿನವರೆಗೆ ಹೋಗಲು ಶುರುಮಾಡಿದ ಮೇಲೆ, ಎರಡನೆಯದಾಗಿ ಕೊಳ್ಳಬೇಕಾದ್ದು ಡೈವ್ ಕಂಪ್ಯೂಟರ್. ಜನ ಇದನ್ನು ಕೊನೆಗೆ ಇಡುತ್ತಾರೆ, ನನಗೆ ಅದು ಸರಿ ಕಾಣುವುದಿಲ್ಲ. ಆಳದಲ್ಲಿ ಉಸಿರಾಡಿದ ಗಾಳಿಯಿಂದ ನಿಮ್ಮ ಮೈಯಲ್ಲಿ ಎಷ್ಟು ನೈಟ್ರೋಜನ್ ಸೇರಿದೆ, ಈ ಆಳದಲ್ಲಿ ಇನ್ನೆಷ್ಟು ನಿಮಿಷ ಇರಬಹುದು ಅಂತ ಅದು ಲೆಕ್ಕ ಇಡುತ್ತದೆ. ಬೆಳಗಿನ ಡೈವಿನ ಲೆಕ್ಕ ಮಧ್ಯಾಹ್ನದ ಡೈವಿಗೂ ಬೇಕು. ಹಾಗಾಗಿ ಒಂದನ್ನೇ ಇಬ್ಬರು ಹಂಚಿಕೊಳ್ಳಲಾಗದು. ನಿಮಿಷಕ್ಕೆ 9 ಮೀಟರಿಗಿಂತ ವೇಗವಾಗಿ ಮೇಲೇರಿದರೆ ಹೆಚ್ಚಿನವು ಕೂಗಿ ಎಚ್ಚರಿಸುತ್ತವೆ. 5 ಮೀಟರಿನಲ್ಲಿ 3 ನಿಮಿಷ ನಿಲ್ಲುವುದನ್ನು ಎಣಿಸಿ ಹೇಳುತ್ತವೆ. ದುಬಾರಿ ಮಾದರಿ ಬೇಕಿಲ್ಲ. ಅಂಕಿ ದೊಡ್ಡದಾಗಿ ಕಾಣಬೇಕು, ಬ್ಯಾಟರಿಯನ್ನು ಮನೆಯಲ್ಲೇ ಬದಲಿಸಲು ಅಥವಾ ಚಾರ್ಜ್ ಮಾಡಲು ಆಗಬೇಕು. ಬ್ಯಾಟರಿಗಾಗಿ ಕೊರಿಯರ್ ಮಾಡಿ ಎರಡು ತಿಂಗಳು ಕಾಯುವ ಮಾದರಿ ನಮ್ಮ ಊರಿಗೆ ಆಗುವುದಿಲ್ಲ.

ಜೊತೆಗೆ ಒಂದು ಸೀಟಿ, ಮತ್ತು ಮೇಲೆ ಬಂದಾಗ ಉಬ್ಬಿಸಿ ನಿಲ್ಲಿಸುವ ಕಿತ್ತಳೆ ಬಣ್ಣದ ಉದ್ದನೆಯ ಬಲೂನು. ಎರಡೂ ಜೇಬಿಗೆ ಹಿಡಿಸುತ್ತವೆ. ಅಲೆಗಳ ನಡುವೆ ಮನುಷ್ಯನ ತಲೆ ದೋಣಿಯವರಿಗೆ ತೆಂಗಿನಕಾಯಿಯಷ್ಟೂ ಕಾಣುವುದಿಲ್ಲ.

ಕೊಂಡದ್ದನ್ನು ಉಳಿಸಿಕೊಳ್ಳಲು ಸಿಹಿ ನೀರು ಬೇಕು, ಅದು ನಮ್ಮಲ್ಲಿದೆ. ನನ್ನ ತವರು ಬಾಯಾರಿನ ಗುಡ್ಡೆಯ ಬುಡದಲ್ಲಿ. ಅಲ್ಲಿ ನೀರಿಗಾಗಿ ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗದ ನೀರು ಪೈಪಿನಲ್ಲಿ ತಾನಾಗಿ ಅಂಗಳದ ತೊಟ್ಟಿಗೆ ಬೀಳುತ್ತದೆ. ಪ್ರತಿ ಸಲ ಡೈವ್ ಮುಗಿಸಿ ಬಂದು ಅದೇ ತೊಟ್ಟಿಯಲ್ಲಿ ಎಲ್ಲವನ್ನೂ ನೆನೆಹಾಕುತ್ತೇನೆ. ಫಸ್ಟ್ ಸ್ಟೇಜಿನ ಕ್ಯಾಪನ್ನು ಪೂರ್ತಿ ಒಣಗಿಸಿ, ಬಿಗಿಯಾಗಿ ಹಾಕಿದ ಮೇಲೆಯೇ ನೀರಿಗೆ. ನೆನೆಯುವಾಗ ಸೆಕೆಂಡ್ ಸ್ಟೇಜಿನ ಮುಂದಿನ ಗುಂಡಿ ಒತ್ತಬಾರದು, ಒತ್ತಿದರೆ ನೀರು ಹೋಸಿನೊಳಗೆ ಇಳಿಯುತ್ತದೆ. ನೆರಳಲ್ಲಿ ಒಣಗಿಸಬೇಕು, ಅಡಿಕೆ ಒಣಗಿಸುವ ಹಾಗೆ ಬಿಸಿಲಿಗೆ ಹರಡಬಾರದು. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೆಗೆದು ಗಾಳಿಗೆ ಇಡುತ್ತೇನೆ.

ಕಳೆದ ವಾರ ತಮ್ಮನ ಮಗ ಇದೇ ಪ್ರಶ್ನೆ ಹಿಡಿದು ಬಂದಿದ್ದ. ನನ್ನ ಹತ್ತಿರ ಇದ್ದ ನಾಲ್ಕು ಮಾಸ್ಕ್ ಮುಖಕ್ಕಿಟ್ಟು ನೋಡಿದ. ನಾಲ್ಕರಲ್ಲೂ ಮೀಸೆಯ ಹತ್ತಿರ ಗಾಳಿ ಸೋರಿತು. ಮೂಗಿನ ಕೆಳಗೆ ಒಂದು ಎಳೆಯಷ್ಟು ಮೀಸೆ ಬೋಳಿಸಿಕೊಂಡು ಬಂದ. ಆಗ ಎರಡನೆಯದು ಕೈ ಬಿಟ್ಟರೂ ಬೀಳಲಿಲ್ಲ. "ಅತ್ತೇ, ಇದೇ ಮಾದರಿ ತಗೊಳ್ತೇನೆ," ಅಂದ. ನವೆಂಬರಿನಲ್ಲಿ ನೇತ್ರಾಣಿಗೆ ಹೋಗುತ್ತಾನೆ. ಬಾಡಿಗೆಯ ರೆಗ್ಯುಲೇಟರ್ ಕೈಗೆ ಬಂದ ಕೂಡಲೇ ಫಿಲ್ಟರಿನ ಫೋಟೋ ತೆಗೆದು ಕಳಿಸು ಅಂದಿದ್ದೇನೆ.