ದು ಫು ಕನ್ನಡಕ್ಕೆ: ಐದನೆಯ ಕವಿತೆಯ ಟಿಪ್ಪಣಿ

ಎಂಟನೆಯ ಶತಮಾನದ ಚೀನೀ ಕವಿ ದು ಫುವಿನ ಹನ್ನೆರಡು ಕವಿತೆಗಳನ್ನು ಕನ್ನಡಕ್ಕೆ ತರಬೇಕೆಂದು ಹೊರಟು ಏಳು ತಿಂಗಳಾದವು. ಮುಗಿದಿರುವುದು ನಾಲ್ಕು, ಐದನೆಯದು ಈ ವಾರ ಒಂದು ರೂಪಕ್ಕೆ ಬಂದಿದೆ. ನನಗೆ ಚೀನೀ ಭಾಷೆ ಸರಾಗವಾಗಿ ಓದಲು ಬಾರದು. ಒಂದೊಂದು ಅಕ್ಷರವನ್ನೂ ನಿಘಂಟಿನಲ್ಲಿ ಹುಡುಕಿ, ಅದರ ಅರ್ಥ, ಉಚ್ಚಾರ, ಸ್ವರ (ದನಿಯ ಏರಿಳಿತ) ಮೂರನ್ನೂ ಬರೆದುಕೊಂಡು, ಅನಂತರವೇ ಇಂಗ್ಲಿಷ್ ಅನುವಾದಗಳೊಡನೆ ತಾಳೆ ನೋಡುತ್ತೇನೆ. ನಲವತ್ತೇ ಅಕ್ಷರಗಳ ಕವಿತೆಗೆ ಹೀಗೆ ಎರಡು ವಾರ ಹಿಡಿಯುತ್ತದೆ.

ಈ ಬಾರಿಯದು 757ರ ‘ವಸಂತದ ನೋಟ’. 712ರಲ್ಲಿ ಹುಟ್ಟಿದ ದು ಫು ಅರಸೊತ್ತಿಗೆಯ ಪರೀಕ್ಷೆಯಲ್ಲಿ ಎರಡು ಸಲ ಸೋತವನು. 747ರ ಎರಡನೆಯ ಪರೀಕ್ಷೆಯಲ್ಲಂತೂ ಮಂತ್ರಿ ಲಿ ಲಿನ್‌ಫು ಒಬ್ಬನನ್ನೂ ತೇರ್ಗಡೆ ಮಾಡಲಿಲ್ಲ. ಕೊನೆಗೊಂದು ಸಣ್ಣ ಹುದ್ದೆ ಸಿಕ್ಕಿ, 755ರಲ್ಲಿ ಸಂಸಾರವನ್ನು ನೋಡಲು ಹೋದರೆ ಎಳೆಯ ಮಗ ಹಸಿವಿನಿಂದ ತೀರಿಕೊಂಡಿದ್ದ. ಅದೇ ವರ್ಷದ ಕೊನೆಗೆ ಸೇನಾಪತಿ ಆನ್ ಲೂಷಾನ್ ದಂಗೆಯೆದ್ದ. ಮರುವರ್ಷ ರಾಜಧಾನಿ ಚಾಂಗಾನ್ ಬಿದ್ದಿತು. ಹೆಂಡತಿ ಮಕ್ಕಳನ್ನು ಉತ್ತರದಲ್ಲಿ ಬಿಟ್ಟು ಹೊಸ ಚಕ್ರವರ್ತಿಯನ್ನು ಸೇರಲು ಹೊರಟ ಕವಿ ದಾರಿಯಲ್ಲಿ ಬಂಡುಕೋರರ ಕೈಗೆ ಸಿಕ್ಕಿ ಅದೇ ನಗರಕ್ಕೆ ಬಂದ. ಕವಿತೆ ಹುಟ್ಟಿದ್ದು ಅಲ್ಲಿ.

ಇದರ ಬಂಧಕ್ಕೆ ಲೂಷಿ ಎಂದು ಹೆಸರು. ಎಂಟು ಸಾಲು, ಸಾಲಿಗೆ ಐದು ಅಕ್ಷರ, ಎರಡರ ನಂತರ ಸಣ್ಣ ಯತಿ. ಸಮಸಂಖ್ಯೆಯ ಸಾಲುಗಳಿಗೆ ಅಂತ್ಯಪ್ರಾಸ. ಲಘು ಗುರುಗಳ ಲೆಕ್ಕಕ್ಕೆ ಒಗ್ಗಿದವರಿಗೆ ಇದು ತೀರ ಅಪರಿಚಿತವಲ್ಲವಾದರೂ, ಅಲ್ಲಿ ಅಳೆಯುವುದು ಉಚ್ಚಾರದ ಕಾಲವನ್ನಲ್ಲ, ಸ್ವರದ ಏರಿಳಿತವನ್ನು. ನಡುವಿನ ನಾಲ್ಕು ಸಾಲುಗಳು ಎರಡು ಜೋಡಿಗಳಾಗಿ ಎದುರುಬದುರು ನಿಲ್ಲಬೇಕು: ನಾಮಪದಕ್ಕೆ ನಾಮಪದ, ಕ್ರಿಯೆಗೆ ಕ್ರಿಯೆ. ಮೊದಲ ಕರಡಿನಲ್ಲಿ ಪಂಚಮಾತ್ರೆಯ ಗಣಗಳನ್ನೂ ದ್ವಿತೀಯಾಕ್ಷರ ಪ್ರಾಸವನ್ನೂ ಹಿಡಿದು ಹೊರಟೆ. ಎರಡೇ ಸಾಲಿನಲ್ಲಿ ಬೇಡದ ವಿಶೇಷಣಗಳು ತುಂಬಿಕೊಂಡವು. ಒಂದೂ ಹೆಚ್ಚಿನ ಮಾತಿಲ್ಲದ ಕವಿಗೆ ಅದು ಅನ್ಯಾಯವೆಂದು ಪ್ರಾಸವನ್ನು ಬಿಟ್ಟು, ಜೋಡಿಯನ್ನು ಮಾತ್ರ ಉಳಿಸಿಕೊಂಡೆ.

ಒಂಬತ್ತು ದಿನ ನನ್ನನ್ನು ನಿಲ್ಲಿಸಿದ್ದು ಮೂರು, ನಾಲ್ಕನೆಯ ಸಾಲುಗಳು. ಮೂಲದಲ್ಲಿ ಕಾಲದ ನೋವು, ಹೂವು, ಚಿಮ್ಮುವ ಕಣ್ಣೀರು ಇವೆ, ಅಳುತ್ತಿರುವವರು ಯಾರೆಂಬುದಿಲ್ಲ. ಹೂವೇ ಅಳುತ್ತದೆ ಎಂದೂ, ಹೂವನ್ನು ಕಂಡು ಕವಿ ಅಳುತ್ತಾನೆ ಎಂದೂ ಓದುವ ಎರಡು ಪರಂಪರೆಗಳಿವೆ. ‘ಅಳುತ್ತದೆ’ ಎಂದರೂ ‘ಅಳುತ್ತೇನೆ’ ಎಂದರೂ ನಮ್ಮ ಕ್ರಿಯಾಪದ ಎರಡರಲ್ಲಿ ಒಂದು ಅರ್ಥವನ್ನು ಕೊಂದುಬಿಡುತ್ತದೆ. ದಾರಿ ತೋರಿಸಿದ್ದು ನಮ್ಮ ಚತುರ್ಥಿ ವಿಭಕ್ತಿ. ‘ಅವಳಿಗೆ ಕಣ್ಣೀರು ಬಂತು’, ‘ಆ ಮಾತಿಗೆ ಕಣ್ಣೀರು ಬಂತು’ ಎಂಬ ಎರಡೂ ಮಾತು ನಮ್ಮಲ್ಲಿ ಸಹಜ. ಅತ್ತವಳಿಗೂ ಅಳಿಸಿದ ಮಾತಿಗೂ ಒಂದೇ ಪ್ರತ್ಯಯ. ಕ್ರಿಯಾಪದವನ್ನೇ ತೆಗೆದಾಗ ಸಾಲುಗಳು ಹೀಗಾದವು:

ಕಾಲಕ್ಕೆ ಮರುಗಿ ಹೂವಿಗೆ ಕಣ್ಣೀರು,
ಅಗಲಿಕೆಗೆ ನೊಂದು ಹಕ್ಕಿಗೆ ಎದೆನಡುಕ.

ಮೊದಲ ಓದಿಗೆ ಹೂವಿನ ಅಳುವೇ ಮುಂದಾಗುತ್ತದೆ, ನಿಜ. ಆದರೂ ಎರಡನೆಯ ಅರ್ಥಕ್ಕೆ ಬಾಗಿಲು ಮುಚ್ಚಿಲ್ಲ. ಈವರೆಗಿನ ಕೆಲಸದಲ್ಲಿ ನನಗೆ ತೃಪ್ತಿ ಕೊಟ್ಟಿರುವುದು ಇದೊಂದೇ.

ಕೊನೆಯ ಜೋಡಿ ಇನ್ನೂ ಕುಂಟುತ್ತಿದೆ. ದಂಗೆಯ ಬೆಂಕಿ, ಹತ್ತು ಸಾವಿರ ಚಿನ್ನಕ್ಕೆ ಸಮನಾದ ಮನೆಯ ಓಲೆ, ಇಷ್ಟೆಲ್ಲ ಆದಮೇಲೆ ಕವಿ ತನ್ನ ತಲೆಗೆ ಬರುತ್ತಾನೆ: ನರೆತ ಕೂದಲು ಕೆರೆದು ಕೆರೆದು ಎಷ್ಟು ಕಡಿಮೆಯಾಗಿದೆಯೆಂದರೆ ಜುಟ್ಟಿನ ಕಡ್ಡಿಯೂ ನಿಲ್ಲುವಂತಿಲ್ಲ. ಅಲ್ಲಿನ ಗಂಡಸರು, ಅದರಲ್ಲೂ ಅಧಿಕಾರಿಗಳು, ಟೋಪಿಯನ್ನು ಜುಟ್ಟಿಗೆ ಸಿಕ್ಕಿಸುತ್ತಿದ್ದ ಕಡ್ಡಿ ಅದು. ‘ಹೇರ್‌ಪಿನ್’ ಎಂದರೆ ನಗು ಬರುತ್ತದೆ, ‘ಕಡ್ಡಿ’ ಎಂದರೆ ಅಧಿಕಾರದ ಗುರುತು ಹೋಗುತ್ತದೆ. ಸದ್ಯಕ್ಕೆ ‘ಟೋಪಿಯ ಕಡ್ಡಿ’ ಎಂದು ಬರೆದಿಟ್ಟಿದ್ದೇನೆ.

ಮುಂದಿನದು 767ರಲ್ಲಿ ಯಾಂಗ್‌ತ್ಸೆ ದಡದ ಕ್ವೇಝೌ ಊರಿನಲ್ಲಿ ಬರೆದ ‘ಎತ್ತರಕ್ಕೇರಿ’. ಅಲ್ಲಿ ಸಾಲಿಗೆ ಏಳು ಅಕ್ಷರ. ಸಾಲದ್ದಕ್ಕೆ ಎಂಟೂ ಸಾಲುಗಳು ಜೋಡಿ. ಉದುರುವ ಎಲೆಗಳ ‘ಶ್ಯಾವ್ ಶ್ಯಾವ್’ಗೆ ‘ಸರಸರ’ ಒಪ್ಪಿದೆ. ಯಾಂಗ್‌ತ್ಸೆ ನದಿಯ ‘ಗುನ್ ಗುನ್’ಗೆ ಮಾತ್ರ ‘ಉರುಳುರುಳಿ’ ಸಾಲದು, ‘ಭೋರ್ಗರೆದು’ ಅತಿಯಾಯಿತು.