ಮಲಗಿ ನೋಡಿ ಆರಿಸಿದ ಬೋಟ್

ಹಗಲು ಸುತ್ತಾಡಿ ಸಂಜೆ ವಾಪಸ್ ಬರುವುದಕ್ಕೆ ಹೆಚ್ಚು ಕಡಿಮೆ ಯಾವ ಬೋಟಾದರೂ ನಡೆಯುತ್ತದೆ. ಪರೀಕ್ಷೆ ಇರುವುದು ರಾತ್ರಿಗೆ. ಅದಕ್ಕೇ ರಾತ್ರಿ ಒಳಗೇ ತಂಗಬಹುದಾದ ಹಳೇ ಬೋಟೊಂದನ್ನು ಕೊಳ್ಳೋಣ ಅಂತ ನೋಡೋಕೆ ಹೊರಟ ದಿನ ನಾನೂ ಹೆಂಡತಿಯೂ ಮೊದಲೇ ಮಾತಾಡಿಕೊಂಡಿದ್ದೆವು, ಸ್ಟಿಯರಿಂಗ್ ಹಿಡಿಯೋ ಮುಂಚೆ ಒಳಗೆ ಹೋಗಿ ಮಲಗಿ ನೋಡೋಣ ಅಂತ.

ಮೊದಲನೆಯದು 19 ಅಡಿ. ಹಿಂದೆ ವಿಶಾಲವಾದ ಡೆಕ್, ಆರು ಜನ ಆರಾಮಾಗಿ ಕೂರಬಹುದು, ನೀರಿಗಿಳಿಯಲು ಏಣಿ ಬೇರೆ. ಹಗಲಿಗೆ ಇದಕ್ಕಿಂತ ಇನ್ನೇನು ಬೇಕು? ಆದರೆ ಮಲಗೋ ಜಾಗ ಮುಂದಿನ ಮೂತಿಯೊಳಗೆ, ತೆವಳಿಕೊಂಡೇ ಹೋಗಬೇಕು. ಕಾಲು ಚಾಚುವ ಕಡೆಯೇ ಬೋಟು ಚೂಪಾಗುತ್ತಾ ಹೋಗುವುದರಿಂದ ಇಬ್ಬರ ನಾಲ್ಕು ಪಾದಗಳೂ ಒಂದರ ಮೇಲೊಂದು. ಬಾಗಿಲು ಮುಚ್ಚಿದೆವು, ಸ್ವಲ್ಪ ಹೊತ್ತಿಗೇ ಧಗೆ. ಮೇಲೆ ತೆರೆಯೋ ಕಿಂಡಿಯೇ ಇಲ್ಲ. ಇಂಥ ಕಡೆ ಬೆಳಗಾಗುವುದರೊಳಗೆ ನಮ್ಮ ಉಸಿರಿನ ತೇವವೇ ಚಾವಣಿಗೆ ಕಟ್ಟಿ ಹಾಸಿಗೆ ಮೇಲೆ ತೊಟ್ಟಿಕ್ಕುತ್ತದೆ. ಟಾಯ್ಲೆಟ್ ಹಾಸಿಗೆಯ ಕೆಳಗೆ. ಅಂದರೆ ನಡುರಾತ್ರಿ ಒಬ್ಬರಿಗೆ ಅವಸರವಾದರೆ ಇನ್ನೊಬ್ಬರೂ ಏಳಲೇಬೇಕು. "ಸಾಕು, ನಡೀರಿ" ಅಂದಳು ಹೆಂಡತಿ.

ಎರಡನೆಯದು 23 ಅಡಿ. ಇಲ್ಲಿ ಕ್ಯಾಬಿನ್ ದೊಡ್ಡದು, ಹಾಗಾಗಿ ಡೆಕ್ ಚಿಕ್ಕದು, ನಾಲ್ಕು ಜನ ಕೂತರೆ ಮುಗಿಯಿತು. ತಲೆಗೆ ಎಳೆದರೆ ಕಾಲಿಗಿಲ್ಲ ಅನ್ನುವ ಹಾಗೆ. ಆದರೆ ಹಾಸಿಗೆ ಮೇಲೆ ನೆಟ್ಟಗೆ ಕೂರಬಹುದು, ಚಾವಣಿಯ ಹ್ಯಾಚ್, ಅಂದರೆ ಮೇಲಿನ ಕಿಂಡಿ, ತೆಗೆದರೆ ಗಾಳಿ ಹಾಯುತ್ತದೆ, ಟಾಯ್ಲೆಟ್‌ಗೆ ಪ್ರತ್ಯೇಕ ಬಾಗಿಲಿದೆ. ಎಂಜಿನ್ ಔಟ್‌ಬೋರ್ಡ್, ಅಂದರೆ ಬೋಟಿನ ಹಿಂಬದಿಗೆ ಹೊರಗೇ ಕೂರಿಸಿದ್ದು, ಆದ್ದರಿಂದ ಡೆಕ್ ಕೆಳಗಿನ ಜಾಗವೆಲ್ಲ ಸಾಮಾನಿಗೆ.

ಆಮೇಲೆ ಓಡಿಸಿದೆವು. ತಳ ಆಳವಾದ ವಿ ಆಕಾರದ್ದು, ಅಲೆಗಳನ್ನು ಸೀಳಿಕೊಂಡು ಮೆತ್ತಗೆ ಹೋಯಿತು. ಎಂಜಿನ್ ನಿಲ್ಲಿಸಿದ್ದೇ ತಡ, ಪಕ್ಕದಲ್ಲಿ ಹಾದುಹೋದ ಬೋಟಿನ ಅಲೆಗೆ ಆ ಕಡೆ ಈ ಕಡೆ ಚೆನ್ನಾಗಿ ಹೊಯ್ದಾಡಿತು. ಅಂಥ ತಳದ ಗುಣವೇ ಅದು, ರಾತ್ರಿ ಮರೆಯಿರುವ ಜಾಗ ಹುಡುಕಿ ಲಂಗರು ಹಾಕಬೇಕು, ಅಷ್ಟೇ.

ಇಂಧನದ ಲೆಕ್ಕ ಸುಲಭ: ಟ್ಯಾಂಕನ್ನು ಮೂರು ಪಾಲು ಅಂದುಕೊಂಡರೆ ಒಂದು ಪಾಲು ಹೋಗೋಕೆ, ಒಂದು ಪಾಲು ಬರೋಕೆ, ಮೂರನೆಯದು ತುರ್ತಿಗೆ, ಮುಟ್ಟಬಾರದು. ನಮ್ಮ ಓಡಾಟಕ್ಕೆ ಅದು ಸಾಲುತ್ತಿತ್ತು. ತಕರಾರು ಬಂದಿದ್ದು ಬ್ಯಾಟರಿಗೆ. ಇದ್ದದ್ದು ಒಂದೇ. ರಾತ್ರಿಯಿಡೀ ಫ್ರಿಡ್ಜು, ಲಂಗರು ಹಾಕಿದಾಗಿನ ಬಿಳಿ ದೀಪ ಎಲ್ಲ ಅದರ ಮೇಲೇ ನಡೆದರೆ ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಆಗಬೇಕಲ್ವಾ? ಎಂಜಿನ್‌ಗೇ ಮೀಸಲಾಗಿ ಇನ್ನೊಂದು ಬ್ಯಾಟರಿ ಹಾಕಿಸಿಕೊಡಿ ಅಂದೆ. ಮಾಲೀಕರು ಗೊಣಗಿಕೊಂಡೇ ಒಪ್ಪಿದರು. ಒಳಗೆ ಗ್ಯಾಸ್ ಒಲೆ ಇತ್ತು, ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲಿಲ್ಲ. ಮುಚ್ಚಿದ ಜಾಗದಲ್ಲಿ ಒಲೆ ಉರಿದರೆ ಹುಟ್ಟಬಹುದಾದ, ವಾಸನೆಯೇ ಇಲ್ಲದ ವಿಷಾನಿಲ ಈ ಕಾರ್ಬನ್ ಮೊನಾಕ್ಸೈಡ್. ಅಲಾರಂ ಖರ್ಚು ನಮ್ಮದು ಅಂತ ಮಾತಾಗಿ ಮುಂಗಡ ಕೊಟ್ಟೆವು.